ಒಳಲೆಯ ಹಾಲು

ಲೊಕ್ಕನಹಳ್ಳಿಯ ಸುತ್ತ ಏಳೆಂಟು ಊರಿನಲ್ಲಿ ಆ ಕಾಲದ ಯಾರನ್ನೇ ನಿಲ್ಲಿಸಿ ಕೇಳಿ, ಅವರ ಹೊಕ್ಕುಳಬಳ್ಳಿ ಕೊಯ್ದವಳು ದೊಡ್ಡಮಾದಮ್ಮನೇ ಆಗಿರುತ್ತಾಳೆ. ಸೂಲಗಿತ್ತಿ ಅಂದರೆ ಸೂಲಗಿತ್ತಿ. ಆದರೆ ಬಾಯಿ ಮಾತ್ರ ಕೇಳಬೇಡಿ. ಬೇನೆ ತಿನ್ನುತ್ತಿರುವ ಹೆಂಗಸನ್ನೂ ಬೈಯುವಳು, ಬಾಗಿಲಲ್ಲಿ ಕೈ ಹಿಸುಕುತ್ತ ನಿಂತ ಗಂಡನನ್ನೂ ಬೈಯುವಳು, ನೀರು ಕಾಯಿಸಲು ತಡ ಮಾಡಿದ ಅತ್ತೆಯನ್ನಂತೂ ಏಳು ತಲೆಮಾರಿಗೆ ಸಾಕಾಗುವಷ್ಟು ಬೈಯುವಳು. ಹೆಂಗಸರು ಬೇನೆಗಿಂತ ಹೆಚ್ಚಾಗಿ ಇವಳ ನಾಲಿಗೆಗೆ ಹೆದರಿ ಬೇಗ ಹೆರುತ್ತಾರೆ ಎಂದು ಊರಿನ ಗಂಡಸರು ನಗುತ್ತಿದ್ದರು. ಕೂಸು ಹೊರಗೆ ಬಂದು ಅತ್ತಿತೋ, ಅದೇ ಬಾಯಿ ಬೆಣ್ಣೆಯಾಗುತ್ತಿತ್ತು.

ಅವಳ ಮಡಿಲಲ್ಲಿ ಸದಾ ಒಂದು ಹಿತ್ತಾಳೆಯ ಒಳಲೆ ಇರುತ್ತಿತ್ತು. ಹಕ್ಕಿಯ ಕೊಕ್ಕಿನಂಥ ಮೂತಿಯಿಂದ ಎಳೆಗೂಸಿನ ಬಾಯಿಗೆ ಹನಿಹನಿಯಾಗಿ ಹಾಲು ಬಿಡುವ ಪುಟ್ಟ ಪಾತ್ರೆ. ಅದು ಅವಳ ತಾಯಿಯದು, ತಾಯಿಯೂ ಸೂಲಗಿತ್ತಿ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದರ ಹೊಟ್ಟೆ ಸವೆದು ತೆಳ್ಳಗಾಗಿತ್ತು.

ಕೊಳ್ಳೇಗಾಲ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಕೊಳ್ಳೇಗಾಲದ ಕಾನ್ವೆಂಟಿನಿಂದ ಇಬ್ಬರು ಸಿಸ್ಟರಮ್ಮಂದಿರು ಬಂದು ಹನೂರಿನಲ್ಲಿ ಸುತ್ತಲಿನ ಸೂಲಗಿತ್ತಿಯರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದರು. ಬ್ಲೇಡು ಕುದಿಸಬೇಕು, ಕೈಗೆ ಸೋಪು ಹಾಕಬೇಕು, ಬಳ್ಳಿಗೆ ಸಗಣಿ ಬೂದಿ ಹಚ್ಚಕೂಡದು. ದೊಡ್ಡಮಾದಮ್ಮನಿಗೆ ಮೊದಲು ಸಿಟ್ಟು ಬಂತು. ಹೆರದವರು ಹೆರಿಗೆ ಹೇಳಿಕೊಡುವುದೇ ಎಂದು ಪಕ್ಕದಲ್ಲಿದ್ದ ಬೇರೆ ಊರಿನ ಸೂಲಗಿತ್ತಿ ಗುರುಸಿದ್ದಮ್ಮನ ಕಿವಿಯಲ್ಲಿ ಗೊಣಗಿದಳು. ಆಮೇಲೆ ಹೇಳಿದ್ದು ಸರಿಯೆನಿಸಿ ಸುಮ್ಮನಾದಳು.

ಕೊನೆಯ ದಿನ ಸಿಸ್ಟರಮ್ಮ ಇನ್ನೊಂದು ವಿಷಯ ಹೇಳಿದರು. ಕಾಡಂಚಿನ ಕಿರಸ್ತಾನರ ಪಾಳ್ಯಗಳಿಗೆ ಹೋದಾಗ ಹುಟ್ಟಿದ ಕೂಸು ಉಳಿಯುವುದಿಲ್ಲ ಅನಿಸಿದರೆ ಅದಕ್ಕೆ ಜ್ಞಾನಸ್ನಾನ ಆಗಬೇಕು. ಇಗರ್ಜಿಯ ಪಾದ್ರಿ ಸ್ವಾಮಿಗಳು ಬರುವ ತನಕ ಕಾಯಲಾಗದು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕಿರಸ್ತಾನರೇ ಆಗಿರಬೇಕೆಂದಿಲ್ಲ. ತಲೆಯ ಮೇಲೆ ನೀರು ಹೊಯ್ಯುತ್ತ ‘ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎಂದರೆ ಆಯಿತು, ಕೂಸು ನೆಟ್ಟಗೆ ಮೋಕ್ಷಕ್ಕೆ ಹೋಗುತ್ತದೆ. ದೊಡ್ಡಮಾದಮ್ಮನಿಗೆ ಈ ಮಾತು ಬಹಳ ಹಿಡಿಸಿತು. ಸತ್ತ ಕೂಸುಗಳನ್ನು ಮಣ್ಣಿಗಿಟ್ಟು ಬರಿಗೈಯಲ್ಲಿ ಮನೆಗೆ ಬಂದವಳು ಅವಳು. ಕೈಲಾಗುವ ಕೆಲಸ ಇನ್ನೂ ಒಂದಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ರಾಗಿ ಬೀಸುವಾಗ ಹೇಳಿಕೊಂಡು ಹೇಳಿಕೊಂಡು ಆ ಮಾತನ್ನು ಒಂದಕ್ಷರ ತಪ್ಪದಂತೆ ಕಲಿತಳು.

ಮೂರು ವರ್ಷದ ಮೇಲೆ ಅದು ಬೇಕಾಯಿತು.

ಲೊಕ್ಕನಹಳ್ಳಿಯಿಂದ ಎರಡು ಮೈಲಿ ಆಚೆ ಕಿರಸ್ತಾನರ ಒಂದು ಪಾಳ್ಯ. ಅಲ್ಲಿ ಚೌರಪ್ಪ ಎಂಬವನು ಕಾಡಿನ ಕೂಪಿನಲ್ಲಿ ಬಿದಿರು ಕಡಿದು ಬದುಕುತ್ತಿದ್ದ. ಅವನ ಹೆಂಡತಿ ಆರೋಗ್ಯಮ್ಮ. ಹೆಸರಿಗೆ ಆರೋಗ್ಯಮ್ಮ, ಮೂರು ಬಸಿರು ಇಳಿದುಹೋಗಿ ಮೈಯಲ್ಲಿ ರಕ್ತವೇ ಇರಲಿಲ್ಲ. ನಾಲ್ಕನೆಯದು ಏಳು ತಿಂಗಳು ತುಂಬಿ ಇನ್ನು ನಿಂತಿತು ಎನ್ನುವಾಗ ಒಂದು ಮಧ್ಯಾಹ್ನ ಬೇನೆ ಬಂತು. ಚೌರಪ್ಪ ಓಡಿಬಂದು ದೊಡ್ಡಮಾದಮ್ಮನನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬೈಸಿಕೊಂಡೇ ನಡೆದ, ಪಾಪ.

ಗಂಡುಕೂಸು. ಅಂಗೈಯಲ್ಲಿ ಹಿಡಿಯುವಷ್ಟು. ಉಗುರೆಲ್ಲ ನೀಲಿ. ಅಳಲಿಲ್ಲ, ಒಂದು ಸಲ ಬಾಯಿ ತೆರೆದು ಮುಚ್ಚಿತು. ಬೆನ್ನು ತಟ್ಟಿದಳು, ಬಾಯಲ್ಲಿ ಬಾಯಿಟ್ಟು ಊದಿದಳು. ಎದೆ ಮಿಸುಕುತ್ತಿತ್ತು, ಆದರೆ ನಿಲ್ಲುವ ಮಿಸುಕಾಟ ಅದಲ್ಲ ಎಂದು ಅವಳ ಕೈಗೆ ಗೊತ್ತಾಯಿತು. ಸ್ವಾಮಿಗಳು ಕೊಳ್ಳೇಗಾಲದಲ್ಲಿ, ಸ್ವಾಮಿಗಳಿಲ್ಲದಾಗ ಪಾಳ್ಯದಲ್ಲಿ ಜಪ ನಡೆಸುವ ಉಪದೇಶಿ ಇನ್ನಾಸಪ್ಪ ಹನೂರಿಗೆ ಹೋಗಿದ್ದಾನೆ. ಇನ್ನು ತಾನೇ.

ನೀರಿನ ಗಡಿಗೆ ಮಾರು ದೂರದಲ್ಲಿತ್ತು. ದೊಡ್ಡಮಾದಮ್ಮ ಚೊಂಬಿಗೆ ಕೈ ಹಾಕಿದಳು, ಹಾಕಿದ ಕೈಯನ್ನು ಹಿಂದಕ್ಕೆ ತೆಗೆದಳು. ಅವಳ ಕಡೆಯವರಲ್ಲಿ ಹೋಗುವ ಜೀವಕ್ಕೆ ನೀರು ಬಿಡುವುದೆಂದರೆ ಸತ್ತೆಯಾ ಸಾಯಿ ಎಂದು ಒಪ್ಪಿಕೊಂಡ ಹಾಗೆ. ಈಗಷ್ಟೇ ಹುಟ್ಟಿದ ಕೂಸಿಗೆ ಹೊಟ್ಟೆಯಿಂದ ಬಂದ ಗಳಿಗೆಯಲ್ಲೇ ತಣ್ಣೀರು ಬಿಡುವುದೇ? ದೇವರ ಮನೆಗೆ ಹೋಗುವ ಕೂಸು ಇದು. ಬೆಟ್ಟದ ಮಾದಪ್ಪನ ತಲೆಗೇ ಹಾಲು ಹೊಯ್ಯುತ್ತೇವೆ. ನೀರಿಗಿಂತ ಹಾಲು ಮೇಲಲ್ಲವೇ? ಎಚ್ಚರ ತಪ್ಪಿ ಮಲಗಿದ್ದ ಬಾಣಂತಿಗೆಂದು ಕಾಯಿಸಿಟ್ಟ ಹಾಲು ಒಲೆಯ ಬದಿಯಲ್ಲಿ ಬೆಚ್ಚಗಿತ್ತು. ಒಳಲೆಗೆ ಬಗ್ಗಿಸಿಕೊಂಡಳು. ಮೂರು ಸಲ ಆ ಪುಟ್ಟ ನೆತ್ತಿಯ ಮೇಲೆ ಹೊಯ್ದು, ಮಾತು ತಪ್ಪದೆ ಹೇಳಿದಳು. ಇಷ್ಟು ಪ್ರೀತಿಯಿಂದ ಅವಳು ಯಾವ ದೇವರಿಗೂ ಹಾಲು ಹೊಯ್ದಿರಲಿಲ್ಲ. ಸೆರಗಿನಿಂದ ತಲೆ ಒರೆಸುವಷ್ಟರಲ್ಲಿ ಕೂಸು ಹೋಗಿತ್ತು.

ಸಂಜೆ ಇನ್ನಾಸಪ್ಪ ಬಂದು ಕೇಳಿದ್ದು ಒಂದೇ ಪ್ರಶ್ನೆ, ಜ್ಞಾನಸ್ನಾನ ಕೊಟ್ಟೆಯಾ ಎಂದು. ಕೊಟ್ಟೆ ಸಾ ಎಂದಳು. ಏನು ಹೇಳಿದೆ ಎಂದ. ಗಿಣಿಯ ಹಾಗೆ ಒಪ್ಪಿಸಿದಳು. ಎಲ್ಲದರಲ್ಲೂ ಹುಳುಕು ಹುಡುಕುವ ಮನುಷ್ಯ, ಅವತ್ತು ತಲೆದೂಗಿ ಭೇಷ್ ಎಂದ. ಏನು ಹೊಯ್ದೆ ಎಂದು ಕೇಳಲಿಲ್ಲ. ಕೇಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ? ಕೂಸಿಗೆ ಅಂತಪ್ಪ ಎಂದು ಹೆಸರಾಯಿತು. ಸ್ವಾಮಿಗಳು ಮಾರನೆಯ ದಿನ ಬಂದು ಕಪ್ಪು ಬಟ್ಟೆ ತೊಡದೆ ಬಿಳಿಯದನ್ನೇ ತೊಟ್ಟು, ಗೋಡೆಯ ಒಳಗಿನ ಕಲ್ಲರೆಯಲ್ಲಿ, ಪಾಳ್ಯದ ಹಿರಿಯರೆಲ್ಲ ಮಲಗಿರುವ ಕಡೆ, ಮಣ್ಣು ಮಾಡಿಸಿದರು. ಜ್ಞಾನಸ್ನಾನವಾದ ಕೂಸಿಗೆ ಅಳಬಾರದು, ಅದು ಆಗಲೇ ದೇವರ ಮುಂದೆ ನಿಂತಿದೆ ಎಂದರು. ಜ್ಞಾನಸ್ನಾನವಿಲ್ಲದ ಕೂಸಾದರೆ ಗೋಡೆಯಾಚೆ, ಕಳ್ಳಿಯ ಬುಡದಲ್ಲಿ, ಒಂದು ಶಿಲುಬೆಯೂ ಇಲ್ಲದೆ. ಆರೋಗ್ಯಮ್ಮನ ಮೊದಲ ಮೂರೂ ಹಾಗೆಯೇ ಹೋಗಿದ್ದವು.

ಅಲ್ಲಿಂದ ಆರೋಗ್ಯಮ್ಮನಿಗೆ ಇವಳೆಂದರೆ ಜೀವ. ಮತ್ತೆ ಬಸಿರು ನಿಲ್ಲಲಿಲ್ಲ. ಆದರೂ ಅವಳು ಕೊರಗಿ ಕೂತ ಹೆಂಗಸಲ್ಲ. ತನಗೊಬ್ಬ ಮಗನಿದ್ದಾನೆ, ಅವನು ಊರಲ್ಲಿಲ್ಲ ಅಷ್ಟೇ ಎನ್ನುವ ಹಾಗೆ ಇದ್ದಳು. ನವೆಂಬರಿನ ಸತ್ತವರ ಹಬ್ಬಕ್ಕೆ ಮಗನ ಗೋರಿಗೆ ಸುಣ್ಣ ಬಳಿದು ಮೊಂಬತ್ತಿ ಹಚ್ಚಿ, ದೊಡ್ಡಮಾದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಕ್ಷದ ಮಾತಾಡುವಳು. ಅಲ್ಲಿ ಹಸಿವಿಲ್ಲವಂತೆ, ಕಾಯಿಲೆಯಿಲ್ಲವಂತೆ, ದೇವರೇ ಕೈಯಾರೆ ಎಲ್ಲರ ಕಣ್ಣೀರು ಒರೆಸುತ್ತಾನಂತೆ. ಅಲ್ಲಿ ಎಲ್ಲರಿಗೂ ಮೂವತ್ತಮೂರು ವಯಸ್ಸು ಎಂದು ಇನ್ನಾಸಪ್ಪ ಹೇಳಿದ್ದು ಮಾತ್ರ ಅವಳಿಗೆ ಒಪ್ಪಿಗೆಯಿರಲಿಲ್ಲ.

“ಅಷ್ಟ್ ದೊಡ್ಡೋನಾದ್ರೆ ನಾನು ಹೆಂಗ್ ಎತ್ಕಳ್ಳಿ ಮಾದಕ್ಕ? ನಾನು ಬರಗಂಟ ಅವನ್ನ ಕೂಸಾಗೇ ಮಡಗಪ್ಪ ಅಂತ ದಿನಾ ಜಪ ಮಾಡ್ತೀನಿ,” ಎನ್ನುವಳು.

ಹೇಳಿ ನಗುವಳು. ನಿನ್ನ ಕೈಯಿಂದ ನನ್ನ ಮಗನಿಗೆ ಬಾಗಿಲು ತೆಗೆಯಿತು, ನೀನೂ ಜ್ಞಾನಸ್ನಾನ ತೆಗೆದುಕೋ, ಮೂವರೂ ಒಟ್ಟಿಗೆ ಇರೋಣ ಎಂದು ಸೆರಗು ಹಿಡಿದು ಎಳೆಯುವಳು. ನೋಡೋಣ ಬುಡು ಎಂದು ದೊಡ್ಡಮಾದಮ್ಮ ತೇಲಿಸುತ್ತಿದ್ದಳು. ಒಳಗೊಳಗೇ ಹೆಮ್ಮೆ. ಮಾದಪ್ಪನೂ ಇರಲಿ, ಕಿರಸ್ತಾನರ ಮೋಕ್ಷದಲ್ಲಿ ತನ್ನ ಕೈಯಿಂದ ಹೋದ ಒಂದು ಕೂಸೂ ಇರಲಿ.

ಹೀಗೆ ಏಳು ವರ್ಷ. ಅರವತ್ತೆಂಟರಲ್ಲಿ ಸಿಸ್ಟರಮ್ಮಂದಿರು ಸೂಲಗಿತ್ತಿಯರನ್ನು ಮತ್ತೆ ಕರೆಸಿದರು, ಈ ಸಲ ಕೊಳ್ಳೇಗಾಲಕ್ಕೆ. ಬಸ್ಸಿನಲ್ಲಿ ಹೋಗಿ ಮರದ ನೆರಳಲ್ಲಿ ಕೂತರು. ಕಲಿತದ್ದನ್ನೆಲ್ಲ ಒಪ್ಪಿಸುತ್ತ ಜ್ಞಾನಸ್ನಾನದ ಮಾತು ಬಂತು. ಗುರುಸಿದ್ದಮ್ಮ ಎದ್ದು, ನೀರು ಸಿಕ್ಕದಿದ್ದರೆ ಎಳನೀರು ಆದೀತೇ ಎಂದು ಕೇಳಿದಳು. ಸಿಸ್ಟರಮ್ಮ ನಕ್ಕು, ಆಗದು, ಎಳನೀರೂ ಆಗದು, ಹಾಲೂ ಆಗದು, ಬರೀ ನೀರೇ ಆಗಬೇಕು, ಬೇರೆ ಏನು ಹೊಯ್ದರೂ ಕೊಡದ ಹಾಗೇ ಎಂದರು. ಎಲ್ಲರೂ ನಕ್ಕರು.

ದೊಡ್ಡಮಾದಮ್ಮ ಸೆರಗನ್ನು ಮಡಿಲ ಮೇಲೆ ಎಳೆದುಕೊಂಡಳು. ಮಡಿಲಲ್ಲಿದ್ದ ಒಳಲೆ ಹೊಟ್ಟೆಗೆ ಒತ್ತುತ್ತಿತ್ತು. ಊಟಕ್ಕೆ ಎಲ್ಲರೂ ಎದ್ದ ಮೇಲೆ ಸಿಸ್ಟರಮ್ಮನ ಹಿಂದೆಯೇ ಹೋಗಿ, ಯಾರದೋ ವಿಷಯ ಎನ್ನುವ ಹಾಗೆ ಕೇಳಿದಳು: ನೀರು ಬೀಳದ ಕೂಸು ಎಲ್ಲಿಗೆ ಹೋಗುತ್ತದೆ? ಸಿಸ್ಟರಮ್ಮ ಒಳ್ಳೆಯವರು, ಮುಚ್ಚಿಡದೆ ಹೇಳಿದರು. ನರಕಕ್ಕಲ್ಲ, ಹೆದರಬೇಡ. ಮೋಕ್ಷದ ಆಚೆ ಲಿಂಬೊ ಎಂದು ಒಂದು ಜಾಗ. ಅಲ್ಲಿ ಬೆಂಕಿಯಿಲ್ಲ, ನೋವಿಲ್ಲ. ಆದರೆ ದೇವರ ಮುಖ ಕಾಣುವುದಿಲ್ಲ. ಮೋಕ್ಷದಲ್ಲಿರುವ ತಾಯಿಯೂ ಸಿಗುವುದಿಲ್ಲ.

“ಎಷ್ಟು ದಿವ್ಸ ತಾಯಿ?”

“ಯಾವಾಗಲೂ.”

“ಅಲ್ಲಿ ಕೂಸುಗಳ್ನ ಯಾರು ಎತ್ಕತಾರೆ?”

ಸಿಸ್ಟರಮ್ಮನಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. ಆತ್ಮಕ್ಕೆ ಎತ್ತಿಕೊಳ್ಳುವವರು ಬೇಕಿಲ್ಲ ಎಂದು ಬೆನ್ನು ತಟ್ಟಿ ಊಟಕ್ಕೆ ಕಳಿಸಿದರು. ದೊಡ್ಡಮಾದಮ್ಮ ಉಣ್ಣಲಿಲ್ಲ. ಹೊತ್ತು ಇಳಿಯುವ ಮುಂಚೆ ಹನೂರಿನ ಬಸ್ಸು ಹತ್ತಿದಳು.

ಆಮೇಲಿನ ಅವಳ ಸಂಕಟ ಶತ್ರುವಿಗೂ ಬೇಡ. ನೀರಿನ ಗಡಿಗೆ ಮಾರು ದೂರದಲ್ಲಿತ್ತು. ಮಾರು ದೂರ! ಅದನ್ನೇ ನೆನೆದು ನೆನೆದು ಹಣೆ ಚಚ್ಚಿಕೊಂಡಳು. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋದರೂ ಮಾದಪ್ಪನ ತಲೆಯ ಮೇಲೆ ಹಾಲು ಇಳಿಯುವುದನ್ನು ಕಂಡು ಎದ್ದು ಬಂದುಬಿಟ್ಟಳು. ಒಂದು ದಿನ ನೆತ್ತಿ ಸುಡುವ ಬಿಸಿಲಲ್ಲಿ ಒಂದು ಬಿಂದಿಗೆ ನೀರು ಹೊತ್ತು ಪಾಳ್ಯದ ಕಲ್ಲರೆಗೆ ನಡೆದಳು. ಅಂತಪ್ಪನ ಮಣ್ಣಿನ ತಲೆಯ ಕಡೆ, ಆರೋಗ್ಯಮ್ಮ ನೆಟ್ಟ ಹೂಗಿಡದ ಬಳಿ ಕೂತು, ಬಿಂದಿಗೆ ಬಗ್ಗಿಸಿ, ಪಿತನ ಸುತನ ಎಂದು ಶುರು ಮಾಡಿದಳು. ಮಣ್ಣು ಗುಟುಗುಟು ಕುಡಿಯಿತು. ಕಾಲು ಬಿಂದಿಗೆ ಮುಗಿಯುವುದರೊಳಗೆ ಇನ್ನಾಸಪ್ಪ ಬಂದು ನಿಂತಿದ್ದ. ಗಿಡಕ್ಕೆ ನೀರು ಹಾಕುತ್ತಿದ್ದೀಯಾ, ಒಳ್ಳೆಯದು ಎಂದ. ಅವಳು ತಲೆ ಎತ್ತದೆ, ಸತ್ತ ಕೂಸಿಗೆ ಜ್ಞಾನಸ್ನಾನ ಕೊಡಲು ಬರುತ್ತದೆಯೇ ಎಂದು ಕೇಳಿದಳು. ಜೀವ ಇದ್ದಾಗ ಒಂದು ಬೊಗಸೆ ಸಾಕು, ಹೋದ ಮೇಲೆ ಕಾವೇರಿಯನ್ನೇ ತಂದು ಹೊಯ್ದರೂ ಇಲ್ಲ ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿದ. ಉಳಿದ ನೀರನ್ನು ಅಲ್ಲೇ ಚೆಲ್ಲಿ ಎದ್ದಳು.

ಹೇಳಿಬಿಡೋಣವೆಂದು ಆರೋಗ್ಯಮ್ಮನ ಮನೆಗೆ ಮೂರು ಸಲ ಹೋದಳು. ಮೊದಲ ಸಲ ಅವಳು ಮಗನಿಗೆಂದು ಹೂವು ಕಟ್ಟುತ್ತಿದ್ದಳು. ಎರಡನೆಯ ಸಲ ಚೌರಪ್ಪ ಕೂಪಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಅಪ್ಪನಿಗೆ ನೋಯದಿರಲಿ ಎಂದು ಮಗ ಅಲ್ಲಿ ದೇವರ ಸೆರಗು ಎಳೆಯುತ್ತಿರುತ್ತಾನೆ ಎಂದಳು ಆರೋಗ್ಯಮ್ಮ. ಮೂರನೆಯ ಸಲ ಚೌರಪ್ಪ ಹೋಗಿ ತಿಂಗಳಾಗಿತ್ತು. ಅಪ್ಪ ಮಗ ಸೇರಿದರು, ಇನ್ನು ನಾನೊಬ್ಬಳೇ ಬಾಕಿ ಎಂದು ಆರೋಗ್ಯಮ್ಮ ಕಣ್ಣೊರೆಸಿಕೊಂಡು ನಕ್ಕಳು. ಏನು ಹೇಳುತ್ತೀರಿ ಇಂಥವಳಿಗೆ? ಹೇಳಿದರೆ ಅವಳ ಬದುಕಿಗೆ ಆಸರೆಯಾಗಿದ್ದ ಒಂದೇ ಗಳವನ್ನೂ ಕಿತ್ತ ಹಾಗೆ. ಇನ್ನಾಸಪ್ಪನ ಕಿವಿಗೆ ಬಿದ್ದರೆ ಎಲುಬು ಅಗೆಸಿ ಗೋಡೆಯಾಚೆ ಹಾಕಿಸಿಯಾನು ಎಂಬ ಭಯ ಬೇರೆ. ದೊಡ್ಡಮಾದಮ್ಮನ ಬೈಗುಳ ನಿಂತಿತು. ಹೆರಿಗೆ ಮನೆಯಲ್ಲಿ ಬಾಯಿ ಬಿಡದೆ ಕೆಲಸ ಮಾಡಿ ಬರುತ್ತಿದ್ದಳು, ಹೆಂಗಸರು ಅದಕ್ಕೇ ಹೆಚ್ಚು ಹೆದರಿದರು.

ಎಪ್ಪತ್ತೊಂದರಲ್ಲಿ ಹೊಸ ಸ್ವಾಮಿಗಳು ಬಂದರು, ಎಳೆಯ ವಯಸ್ಸಿನವರು. ಅವರನ್ನೂ ಯಾರದೋ ನೆಪದಲ್ಲಿ ಕೇಳಿದಳು. ಅಂಥ ಕೂಸುಗಳ ವಿಷಯ ನಮಗೆ ಪೂರಾ ತಿಳಿಯದಮ್ಮ, ದೇವರ ಕರುಣೆಗೆ ಬಿಡಬೇಕು ಎಂದರು. ಬೇರೆಯವರಿಗೆ ಅದು ಸಮಾಧಾನವಾಗುತ್ತಿತ್ತೋ ಏನೋ. ಕೂಸು ಬದುಕುತ್ತದೆಯೇ ಎಂದು ತಾಯಂದಿರು ಕೇಳಿದಾಗ ಇವಳೂ ದೇವರಿಗೆ ಬಿಡವ್ವ ಎಂದೇ ಹೇಳುತ್ತಿದ್ದವಳು. ಆ ಮಾತನ್ನು ಯಾವಾಗ ಹೇಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತನಾಲ್ಕರಲ್ಲಿ ಆರೋಗ್ಯಮ್ಮನ ಹೊಟ್ಟೆ ಊದಿಕೊಂಡಿತು. ಕೊಳ್ಳೇಗಾಲದ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಸ್ವಾಮಿಗಳು ಬಂದು ಹಣೆಗೆ, ಕೈಗೆ ಎಣ್ಣೆ ಹಚ್ಚಿ ಕೊನೆಯ ಸಂಸ್ಕಾರ ಮಾಡಿ ಹೋದರು. ಮಾರನೆಯ ಬೆಳಿಗ್ಗೆ ದೊಡ್ಡಮಾದಮ್ಮ ಚಾಪೆಯ ಪಕ್ಕ ಕೂತು ಗಂಜಿ ಹನಿಸುತ್ತಿದ್ದಳು. ಇನ್ನಾಸಪ್ಪ ಬಾಗಿಲ ಬಳಿ ಜಪಸರ ಹಿಡಿದು ಕೂತಿದ್ದ. ಆರೋಗ್ಯಮ್ಮನ ಮುಖದಲ್ಲಿ ತವರಿಗೆ ಹೊರಟವಳ ಕಳೆಯಿತ್ತು.

“ಮಾದಕ್ಕ, ಅವತ್ತು ಹೆಂಗ್ ಹುಯ್ದೆ, ಇನ್ನೊಂದ್ ಸಲ ಹೇಳು. ಕೇಳ್ಕಂಡು ಓಯ್ತೀನಿ.”

“ನೆತ್ತಿ ಮೇಲೆ ಹುಯ್ದೆ ಕಣವ್ವ. ಮೂರ್ ಸಲ. ಮಾತೆಲ್ಲ ಸರ್ಯಾಗ್ ಹೇಳ್ದೆ.”

“ನೀರು ತಣ್ಣಗಿತ್ತಾ? ಬೆಚ್ಚಿದ್ನಾ ಕೂಸು?”

ದೊಡ್ಡಮಾದಮ್ಮ ಗಂಜಿಯ ಬಟ್ಟಲು ಕೆಳಗಿಟ್ಟಳು. “ಇಲ್ಲ ಕಣವ್ವ. ಬೆಚ್ಚಗಿತ್ತು.”

ಅದೂ ಸುಳ್ಳಲ್ಲ. ಆರೋಗ್ಯಮ್ಮ ಕಣ್ಣು ಮುಚ್ಚಿ ಸುಖಪಟ್ಟಳು. ಆಮೇಲೆ ಮೊಣಕೈ ಊರಿ ಏಳಲು ನೋಡಿದಳು. ಪಕ್ಕದಲ್ಲಿದ್ದ ನೀರಿನ ಲೋಟ ಹಿಡಿದಳು. ನೀರು ತುಳುಕಿತು.

“ಬಗ್ಗು ಮಾದಕ್ಕ. ನಾನೇ ಕೊಡ್ತೀನಿ. ಒಪ್ಕ ಅಷ್ಟೆಯಾ. ಮೂರು ಜನವೂ ಒಟ್ಗೆ ಇರನ.”

ಇನ್ನಾಸಪ್ಪ ಜಪ ನಿಲ್ಲಿಸಿ ನೋಡಿದ. ಬಗ್ಗಿದರೆ ಆಗಿಹೋಗುತ್ತಿತ್ತು. ಸಾಯುವವಳ ಆಸೆ, ಒಂದು ಬೊಗಸೆ ನೀರು, ದೊಡ್ಡಮಾದಮ್ಮನಿಗೆ ಅದೇನು ಭಾರವೇ? ಮೋಕ್ಷಕ್ಕೆ ಹೋದರೆ ಆರೋಗ್ಯಮ್ಮನ ಜೊತೆ ಇರಬಹುದು. ಆದರೆ ಆರೋಗ್ಯಮ್ಮನಿಗೆ ಅಲ್ಲಿ ದೇವರಿದ್ದಾನೆ, ಚೌರಪ್ಪನಿದ್ದಾನೆ, ಕಣ್ಣೀರು ಒರೆಸುವವರಿದ್ದಾರೆ. ಮೋಕ್ಷದ ಗೋಡೆಯಾಚೆ ಒಬ್ಬನಿದ್ದಾನೆ. ಅವನಿಗೆ ಯಾರಿದ್ದಾರೆ? ಈ ನೀರು ಒಂದು ಸಲ ತಲೆಗೆ ಬಿದ್ದರೆ ತಾನೂ ಬಾಗಿಲೊಳಗೆ ಸೇರಿಬಿಡುತ್ತಾಳೆ, ಆಮೇಲೆ ಆಚೆ ಬರಲು ಬಿಡುತ್ತಾರೋ ಇಲ್ಲವೋ. ಅವಳು ತಲೆಯನ್ನು ಹಿಂದಕ್ಕೆ ತೆಗೆದಳು. ನೀರು ಚಾಪೆಯ ಮೇಲೆ ಚೆಲ್ಲಿತು.

“ಬ್ಯಾಡ ಕಣವ್ವ.”

“ಯಾಕಕ್ಕ? ನನ್ ಜೊತೇಲಿ ಇರಕ್ಕೆ ಇಷ್ಟ ಇಲ್ವಾ?”

ದೊಡ್ಡಮಾದಮ್ಮ ಖಾಲಿ ಲೋಟ ತೆಗೆದಿಟ್ಟಳು. ಅವಳ ಕೈ ಹಿಡಿಯಲು ಹೋದಳು. ಆರೋಗ್ಯಮ್ಮ ಕೈ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಹದಿಮೂರು ವರ್ಷದ ಗೆಳೆತನ ಹೀಗೆ ಬೆನ್ನು ತಿರುಗಿಸಿತು. ಮಾರನೆಯ ದಿನ ಮಧ್ಯಾಹ್ನ ಹೋಗುವ ತನಕ ಆರೋಗ್ಯಮ್ಮ ಇವಳ ಜೊತೆ ಮಾತಾಡಲಿಲ್ಲ.

ಮಣ್ಣು ಮುಗಿದ ಮೇಲೆ ಇನ್ನಾಸಪ್ಪ ಕಲ್ಲರೆಯ ಬಾಗಿಲಲ್ಲಿ ಇವಳನ್ನು ತಡೆದ. ಸಾಯುವವಳ ಮನಸ್ಸನ್ನು ನೋಯಿಸಿದೆಯಲ್ಲ, ಕಲ್ಲೇ ನಿನ್ನ ಎದೆ ಎಂದ. ನೀರು ಬೀಳದ ಕೂಸುಗಳಿರುವ ಕಡೆಗೆ ತನ್ನಂಥವರನ್ನೂ ಬಿಡುತ್ತಾರೆಯೇ ಎಂದು ದೊಡ್ಡಮಾದಮ್ಮ ಕೇಳಿದಳು. ಅವನು ಗಡ್ಡ ಕೆರೆದುಕೊಂಡ. ದೊಡ್ಡವರ ವಿಷಯ ಬೇರೆ, ಪಾಪಪುಣ್ಯ ನೋಡುತ್ತಾರೆ, ದೇವರಿಗೆ ಬಿಟ್ಟದ್ದು. ಮೋಕ್ಷದ ಬಾಗಿಲ ಆಚೆ ಅನ್ನುವುದಂತೂ ನಿಜ ಎಂದ. ಆಚೆ ಆದರೆ ಸಾಕು ಸಾ, ಹುಡುಕ್ಕತೀನಿ ಎಂದು ಅವಳು ನಡೆದಳು. ಮುದುಕಿಗೆ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡ ಇನ್ನಾಸಪ್ಪ.

ಆಮೇಲೆ ಅವಳು ಹೆರಿಗೆಗೆ ಹೋಗುವುದನ್ನು ಬಿಟ್ಟಳು. ಕೈ ನಡುಗುತ್ತದೆ ಎಂದಳು. ಆದರೆ ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ಒಳಲೆ ತಿಕ್ಕುವುದು ತಪ್ಪಲಿಲ್ಲ. ಬಳಸದ ಪಾತ್ರೆಯನ್ನು ದಿನಾ ತಿಕ್ಕುವುದು ಯಾಕೆ ಎಂದು ಸೊಸೆ ಚಿಕ್ಕಮಾದಮ್ಮ ಒಂದು ದಿನ ಕೇಳಿದಳು. ದೊಡ್ಡಮಾದಮ್ಮ ಅದನ್ನು ಬಿಸಿಲಿಗೆ ಹಿಡಿದು ಒಳಗೆ ಕಣ್ಣು ಹಾಯಿಸಿದಳು.

“ನಾನ್ ಓದಾಗ ಇದಕ್ಕೆ ಹಾಲು ತುಂಬಿ ನನ್ ಕೈಲಿ ಮಡಗಿ ಮಣ್ ಮಾಡ್ರವ್ವ.”

“ನಿಮ್ಗೆ ಹಾಲ್ಯಾಕತ್ತೆ? ಮೂರ್ನೇ ದಿನ ಹಾಲು ತುಪ್ಪ ಬುಡೋದು ಇದ್ದೇ ಅದೆ.”

“ನಂಗಲ್ಲ. ಏಳ್ ತಿಂಗ್ಳಿಗೆ ಹುಟ್ಟಿದ್ ಕೂಸು, ಇನ್ನೂ ಕತ್ತು ನಿಂತಿಲ್ಲ. ಅಲ್ಲಿ ಹಸಿವಿಲ್ಲ ಅಂತಾರೆ. ಹೆರದೋರ್ ಮಾತು ಅದು.”

ಒಳಲೆಯನ್ನು ಸೆರಗಿನಿಂದ ಒರೆಸಿ ಮಡಿಲಿಗೆ ಹಾಕಿಕೊಂಡಳು.